ಲೋಕಲ್ಲಿನಲ್ಲಿ ಹತ್ತು ಕೋಣ

ಬೆಳಗಿನ ಗರ್ದಿಯಲ್ಲಿ ಹತ್ತು ಕೋಣಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಲುಂಡದಿಂದ ಗೋರೆಗಾಂವಿನವರೆಗೆ ಲೋಕಲ್ ಟ್ರೈನಿನಲ್ಲಿ ಹೋದವನು ಇಡೀ ಮುಂಬಯಿಯಲ್ಲಿ ನಾನೊಬ್ಬನೇ. ಒಂದು ಕೋಣವೂ ಯಾರ ಕಾಲನ್ನೂ ತುಳಿಯಲಿಲ್ಲ, ಸಗಣಿ ಹಾಕಲಿಲ್ಲ. ಟಿಕೆಟ್ಟು ನನ್ನದೊಂದೇ.

ನಂಬದವರು ಸ್ವಲ್ಪ ತಾಳಿ. ನನ್ನ ಹೆಸರು ಶ್ರೀಮಂತ. ಹೆಸರು ಮಾತ್ರ. ಊರು ವಿಜಯಪುರದ ಕಡೆ. ಮುಲುಂಡದಲ್ಲಿ ದನಗಳ ಡಾಕ್ಟರು ರಂಜನಾ ಮೇಡಂ ಅವರ ದವಾಖಾನೆಯಲ್ಲಿ ಸಹಾಯಕ. ಸಹಾಯಕ ಎನ್ನುವುದು ಅವರ ಮಾತು. ನನ್ನನ್ನು ಕೇಳಿದರೆ, ಮುಂಬಯಿಯ ಅರ್ಧ ಎಮ್ಮೆಗಳು ನನ್ನ ಚಪ್ಪಲಿಯ ಸದ್ದಿಗೇ ಗಬ್ಬವಾಗುತ್ತವೆ.

ಈಗಿನ ಕಾಲದಲ್ಲಿ ಕೋಣಕ್ಕೆ ಕೊಂಬು, ಬಾಲ ಇರಬೇಕಿಲ್ಲ. ಹರಿಯಾಣದ ಮುರ್ರಾ ಕೋಣದ ವೀರ್ಯವನ್ನು ಊದುಬತ್ತಿಯಷ್ಟು ಸಣ್ಣ ನಳಿಕೆಯಲ್ಲಿ ತುಂಬಿ, ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿಡುತ್ತಾರೆ. ಆ ಚಳಿಯ ಮುಂದೆ ಹಿಮಾಲಯವೆಂದರೆ ನಮ್ಮೂರಿನ ಮೇ ತಿಂಗಳು. ಇತ್ತೀಚೆಗೆ ಇನ್ನೂ ಜಾಣ ನಳಿಕೆ ಬಂದಿದೆ. ಹೆಣ್ಣುಕರು ಹುಟ್ಟಿಸುವ ವೀರ್ಯಾಣುಗಳನ್ನು ಯಂತ್ರವೇ ಮೊದಲು ಆರಿಸಿ ತುಂಬಿರುತ್ತದೆ. ಹೆಚ್ಚುಕಡಿಮೆ ಹೆಣ್ಣೇ ಹುಟ್ಟುತ್ತದೆ. ಒಂದು ನಳಿಕೆ ಎಂದರೆ ಒಂದು ಕೋಣ, ಹತ್ತು ನಳಿಕೆ ಎಂದರೆ ಹತ್ತು ಕೋಣ. ನಾನು ಲೆಕ್ಕ ತಪ್ಪುವವನಲ್ಲ.

ಆ ನಳಿಕೆಗಾಗಿ ಕಾದಿದ್ದವಳು ಗೋರೆಗಾಂವಿನ ತಬೇಲಾದ ರುದ್ರವ್ವ. ತಬೇಲಾ ಎಂದರೆ ಎಮ್ಮೆಗಳ ಚಾಳು. ಸಾಲಾಗಿ ಗೂಟ, ಸಾಲಾಗಿ ಎಮ್ಮೆ, ಪಕ್ಕದವರೊಂದಿಗೆ ತಲೆ ಹಾಯುವ ಜಗಳ. ರುದ್ರವ್ವ ತಬೇಲಾದ ಮಾಲೀಕ ಶೇಠನ ಎಮ್ಮೆಗಳ ಸಗಣಿ ಬಾಚುತ್ತಾಳೆ. ಅವಳದೇ ಎಂದು ಇರುವುದು ಕೊನೆಯ ಗೂಟದ ಚಂದ್ರಿ ಒಂದೇ. ಚಂದ್ರಿಗೆ ಎರಡು ಸಲ ಸೂಜಿ ಹಾಕಿಸಿದರೂ ಗಬ್ಬ ನಿಂತಿರಲಿಲ್ಲ. ಹಾಲು ಕೊಡದ ಎಮ್ಮೆಗೆ ತಬೇಲಾದಲ್ಲಿ ಗೂಟವಿಲ್ಲ, ಈ ಸಲವೂ ನಿಲ್ಲದಿದ್ದರೆ ಲಾರಿ ಹತ್ತಿಸುತ್ತೇನೆ ಎಂದು ಶೇಠ ಹೇಳಿಬಿಟ್ಟಿದ್ದ. ಆ ಲಾರಿ ಎಲ್ಲಿಗೆ ಹೋಗುತ್ತದೆಂದು ರುದ್ರವ್ವ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಆ ದಿನ ಬೆಳಿಗ್ಗೆಯೇ ಅವಳ ಫೋನು.

"ತಮ್ಮಾ, ಚಂದ್ರಿ ಒದರಾಕತ್ತೈತಿ. ಬೆದಿಗೆ ಬಂದೈತಿ. ಮಧ್ಯಾಹ್ನ ಆತಂದ್ರ ಇಳಿದು ಹೋಗತೈತಿ ನೋಡು."

"ಅಕ್ಕಾ, ನಾ ಬರತೇನಂದ್ರ ಬೆದಿ ಎಲ್ಲಿ ಇಳಿತೈತಿ? ಗೇಟಿನಾಗ ನಿಂತು ನನ್ನ ದಾರಿ ಕಾಯತೈತಿ."

"ನಿನ್ನ ಬಾಯಿ ಅಲ್ಲೇ ಬಿಟ್ಟು, ಡಬ್ಬಿ ಅಷ್ಟ ತಗೊಂಡು ಬಾ."

ರಂಜನಾ ಮೇಡಂ ಆಗಲೇ ಬೇರೊಂದು ಕೆಲಸಕ್ಕೆ ಗೋರೆಗಾಂವಿನಲ್ಲಿದ್ದರು. ಕ್ಯಾನನ್ನು ರಿಕ್ಷಾದಲ್ಲಿ ತಾ ಎಂದರು. ಲಿಂಕ್ ರೋಡಿನಲ್ಲಿ ರಿಕ್ಷಾಗಳು ಬೇರು ಬಿಟ್ಟು ನಿಂತಿದ್ದವು. ಲೋಕಲ್ ಹಿಡಿಯದೆ ದಾರಿ ಇರಲಿಲ್ಲ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ ಇರುವ ಆ ಕ್ಯಾನು ಥೇಟ್ ಕಲಶದ ಹಾಗೆ. ಜನ ಕೈಹಾಕದಿರಲಿ ಎಂದು ನನ್ನ ಹೆಂಡತಿ ವಂದನಾ ಅದರ ಬಾಯಿಗೆ ಕೆಂಪು ಬಟ್ಟೆ ಸುತ್ತಿ ಗಂಟು ಹಾಕಿದಳು. ವಾಲಿದರೆ ಒಳಗಿನದು ಚೆಲ್ಲುತ್ತದೆ, ಚೆಲ್ಲಿದರೆ ನಳಿಕೆ ಕೆಡುತ್ತದೆ.

ಟ್ರೈನಿನ ಡಬ್ಬಿಯೊಳಗೆ ಎಷ್ಟು ಜನ ಎನ್ನುತ್ತೀರಿ? ಕರ್ನಾಟಕದ ಅರ್ಧ ಜನಸಂಖ್ಯೆ ಅಲ್ಲೇ ಇತ್ತು. ಬಾಗಿಲ ಬಳಿ ಕ್ಯಾನನ್ನು ಎದೆಗವಚಿ ನಿಂತಿದ್ದೆ. ಕಿಟಕಿಯ ಪಕ್ಕ ಕೂತ ಹಿರಿಯರೊಬ್ಬರು ಕೆಂಪು ಬಟ್ಟೆಯನ್ನು ನೋಡಿದರು, ನನ್ನ ಮುಖ ನೋಡಿದರು, ಮೆಲ್ಲಗೆ ಕೇಳಿದರು.

"ಕೋಣ?"

ಮರಾಠಿಯಲ್ಲಿ ಕೋಣ ಎಂದರೆ 'ಯಾರು' ಎಂದು. ನಾನೋ ಅಪ್ಪಟ ಕನ್ನಡಿಗ. ಆಹಾ, ಎಂಥ ಕಣ್ಣು ಈ ಮುದುಕರದು, ಮುಚ್ಚಿದ ಕ್ಯಾನಿನೊಳಗಿನ ಕೋಣ ಇವರಿಗೆ ಕಂಡಿತಲ್ಲ ಎಂದುಕೊಂಡೆ.

"ಹೌದು, ಮುರ್ರಾ," ಎಂದೆ. ಅವರಿಗೆ ಅದು 'ಮುರ್ದಾ', ಅಂದರೆ ಹೆಣ, ಎಂದು ಕೇಳಿಸಿತು. ಕೈ ಜೋಡಿಸಿದರು.

"ದೊಡ್ಡ ಮನೆತನವೇ?" ಈಗ ಹಿಂದಿಯಲ್ಲಿ ಕೇಳಿದರು.

"ಹರಿಯಾಣದಲ್ಲಿ ಹೆಸರಾದ ಮನೆತನ. ಉದ್ದಕ್ಕೂ ಹಾಲು ತುಪ್ಪದ್ದೇ ವಂಶ."

"ಮಕ್ಕಳು?"

"ಸಾವಿರಾರು. ಒಂದರ ಮುಖವನ್ನೂ ನೋಡಲಿಲ್ಲ."

ಹಿರಿಯರ ಕಣ್ಣು ತುಂಬಿತು. ನಾನೂ ಕಣ್ಣು ಒರೆಸಿಕೊಂಡೆ. ಅವರು ಪಕ್ಕದವನ ಭುಜ ತಟ್ಟಿ, "ಏಳಪ್ಪಾ, ಅಸ್ಥಿ ತಂದಿದ್ದಾರೆ," ಎಂದರು. ಆ ಮನುಷ್ಯ ಸೀಟಿನಿಂದ ಚಿಮ್ಮಿದ ವೇಗಕ್ಕೆ ಟ್ರೈನು ಒಂದು ಕ್ಷಣ ವಾಲಿತು. ನಾನು ರಾಜನ ಹಾಗೆ ಕೂತೆ, ಕೋಣಗಳು ನನ್ನ ತೊಡೆಯ ಮೇಲೆ ಕೂತವು. ಬಟ್ಟೆಯ ಸಂದಿನಿಂದ ಬಿಳಿ ಹೊಗೆ ಎದ್ದಾಗ ಹಿಂದಿನಿಂದ ಯಾರೋ, "ಪಾಪ, ಇನ್ನೂ ಆರಿಲ್ಲ," ಎಂದರು.

ಟ್ರೈನು ಬದಲಿಸಲು ದಾಟುವ ದಾದರಿನ ಸೇತುವೆಯನ್ನಂತೂ ನೀವು ನೋಡಬೇಕಿತ್ತು. ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಸಮುದ್ರ ಸೀಳಿದ ಹಾಗೆ ಜನ ಎರಡು ಪಾಲಾಗಿ ನಿಂತರು. ಪೊಲೀಸರು ಸೆಲ್ಯೂಟ್ ಹೊಡೆದರು. ವಡಾಪಾವಿನವನು ಒಲೆ ಆರಿಸಿದ.

ಆ ಹಿರಿಯರು ರಮಾನಾಥ ಕಾಕಾ. ಅವರ ಮನೆಯೂ ಗೋರೆಗಾಂವಿನಲ್ಲೇ. ಇಂಥ ಹೊತ್ತಿನಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡಬಾರದೆಂದು ದಾರಿಯಲ್ಲಿ ಒಂದು ಹೂವಿನ ಹಾರ ಕೊಂಡು ನನ್ನ ಜೊತೆಗೇ ರಿಕ್ಷಾ ಹತ್ತಿದರು. ರಿಕ್ಷಾ ತಬೇಲಾದ ಮುಂದೆ ನಿಂತಾಗಲೂ ಅವರು ನನ್ನ ಹಿಂದೆಯೇ ಇಳಿದರು. ರಂಜನಾ ಮೇಡಂ ಕ್ಯಾನು ತೆರೆದು ಚಿಮಟದಿಂದ ನಳಿಕೆ ಎತ್ತಿ ಬೆಚ್ಚನೆಯ ನೀರಿಗೆ ಹಾಕಿದಾಗ ಕಾಕಾ ಹಾರ ಹಿಡಿದು ಕಣ್ಣು ಮುಚ್ಚಿದರು.

"ಕಾಕಾ, ಇದು ಎಮ್ಮೆಗೆ," ಎಂದರು ಮೇಡಂ.

ಕಾಕಾ ಕಣ್ಣು ಬಿಟ್ಟು ಚಂದ್ರಿಯ ಹಿಂಭಾಗ ನೋಡಿದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನಮ್ಮ ಕನ್ನಡದಲ್ಲಿ ಕೋಣ ಎಂದರೆ ಗಂಡೆಮ್ಮೆ, ನೀವು ಕೇಳಿದ್ದು ಅದನ್ನೇ ಎಂದು ತಿಳಿದೆ ಎಂದೆ. ಅವರು ಗೂಟ ಹಿಡಿದುಕೊಂಡು ನಕ್ಕರು. ಭಾಷೆಯ ತಪ್ಪಿಗೆ ಯಾರೇನು ಮಾಡಲಾದೀತು ಎಂದು ಹಾರವನ್ನು ಚಂದ್ರಿಗೇ ಹಾಕಿದರು. ಚಂದ್ರಿ ಅದನ್ನು ತಿಂದಿತು. ಕೆಲಸ ಮುಗಿಸಿದವರು ಮೇಡಂ, ಬಾಲ ಹಿಡಿದವನು ನಾನು. ಬಾಲ ಹಿಡಿಯುವವನಿಲ್ಲದೆ ಯಾವ ವಿಜ್ಞಾನ ಮುಂದೆ ಹೋಗಿದೆ ಹೇಳಿ.

ಗಬ್ಬ ನಿಂತಿತು. ಶೇಠನ ಲಾರಿ ಬೇರೆಯವರ ಎಮ್ಮೆ ಹತ್ತಿಸಿಕೊಂಡು ಹೋಯಿತು. ಹೋದ ವಾರ ಚಂದ್ರಿ ಈದಿತು. ಹೆಣ್ಣುಕರು, ಹಣೆಯ ಮೇಲೆ ಬಿಳಿ ಬೊಟ್ಟು. ರುದ್ರವ್ವ ಮೊದಲ ಹಾಲಿಗೆ ಬೆಲ್ಲ ಹಾಕಿ ಗಿಣ್ಣ ಕಾಸಿ ಎಲ್ಲರನ್ನೂ ಕರೆದಳು. ಕಾಕಾ ತಮ್ಮ ಬಿಲ್ಡಿಂಗಿನ ನಾಲ್ಕು ಜನರನ್ನು ಕರೆತಂದು, "ಇವನ ಬಾಯಿಂದಲೇ ಕೇಳಿ," ಎಂದು ನನ್ನನ್ನು ನಡುವೆ ಕೂರಿಸಿದರು. ನಾನು ಬಿಡುತ್ತೇನೆಯೇ? ಸೇತುವೆ ಸೀಳಿಸಿದೆ, ಪೊಲೀಸರ ಕೈ ಎತ್ತಿಸಿದೆ. ಕೊನೆಗೆ, "ಕೋಣ ಅಂದರೆ ಮರಾಠಿಯಲ್ಲಿ ಯಾರು ಅಂತ ಈ ಬಡಪಾಯಿಗೆ ಹೇಗೆ ಗೊತ್ತಾಗಬೇಕು?" ಎಂದೆ.

ರುದ್ರವ್ವ ಗಿಣ್ಣದ ಚಮಚ ಕೆಳಗಿಟ್ಟಳು.

"ಅಲ್ಲೋ ಶ್ರೀಮಂತ, ನಿನ್ನೆ ಬಂದು ನಮ್ಮ ಬಾಗಲಾ ಬಡದಿ. 'ಕೋಣ ಆಹೆ' ಅಂತ ನಾ ಒಳಗಿಂದ ಕೇಳಿದೆ. ಏನಂದಿ?"

ನಾನು ಗಿಣ್ಣ ನೋಡಿದೆ.

"'ಮೀ, ಶ್ರೀಮಂತ' ಅಂದಿ, ನಾನು ಅಂತ. ಕೋಣ ಅನ್ನಲಿಲ್ಲ. ವರ್ಷಾನುಗಟ್ಟಲೆ ಹಂಗ ಅಂತಿ. ಅಂದ್ರ ಟ್ರೈನಿನಾಗ ಅಷ್ಟ ಮರಾಠಿ ಮರತು ಹೋತೇನು?"

ರಂಜನಾ ಮೇಡಂ ನಗುವನ್ನು ತಡೆದುಕೊಂಡು ಅದನ್ನು ಕಾಕಾಗೆ ಮರಾಠಿಯಲ್ಲಿ ಹೇಳಿದರು. ಕಾಕಾ ನನ್ನ ಕಡೆ ತಿರುಗಿದರು. ಬಿಲ್ಡಿಂಗಿನ ನಾಲ್ವರೂ ತಿರುಗಿದರು. ಕರು ಕೂಡ ತಿರುಗಿತು, ಇದು ಉತ್ಪ್ರೇಕ್ಷೆಯಲ್ಲ.

"ಗೊತ್ತಿತ್ತು ಕಾಕಾ," ಎಂದೆ, ಒಳ್ಳೆಯ ಮರಾಠಿಯಲ್ಲೇ. "ನೀವು ಕೇಳಿದ ಕೂಡಲೇ ಗೊತ್ತಾಗಿತ್ತು. ಬಾಗಿಲಲ್ಲಿ ತಳ್ಳಾಟ, ಕ್ಯಾನು ಎರಡು ಸಲ ವಾಲಿತ್ತು. ಎಮ್ಮೆಯ ಔಷಧ ಎಂದಿದ್ದರೆ ಕೆಳಗಿಳಿ ಎನ್ನುತ್ತಿದ್ದರು. ನೀವು ಅಸ್ಥಿ ಎಂದುಕೊಂಡಿರಿ, ನಾನು ಇರಲಿ ಎಂದು ಬಿಟ್ಟೆ."

"ಮತ್ತೆ ಕಣ್ಣು ಒರೆಸಿಕೊಂಡದ್ದು?"

"ಅದು ಬೇಕೆಂದೇ."

"ದಾದರಿನ ಸೇತುವೆಯ ಮೇಲೆ ನನಗಂತೂ ಯಾರೂ ದಾರಿ ಬಿಡಲಿಲ್ಲ," ಎಂದರು ಕಾಕಾ.

"ಯಾರೂ ಬಿಡಲಿಲ್ಲ. ನೀವೇ ಎರಡೂ ಮೊಣಕೈ ಅಗಲಿಸಿ ನನ್ನ ಮುಂದೆ ನಡೆದಿರಿ."

"ಹತ್ತು ಕೋಣದ್ದನ್ನೂ ಹೇಳಿಬಿಡು," ಎಂದರು ಮೇಡಂ.

ರುದ್ರವ್ವನಿಗೆ ನಾನು ಈವರೆಗೆ ಹೇಳದೆ ಉಳಿಸಿಕೊಂಡದ್ದು ಅದೊಂದೇ.

"ಹತ್ತಿರಲಿಲ್ಲ ಅಕ್ಕಾ," ಎಂದೆ. "ಆ ಜಾತಿದ್ದು ಒಂದ ನಳಿಕಿ ಉಳದಿತ್ತು. ಅದಕ್ಕ ಅಷ್ಟ ಅಂಜಿದ್ದೆ."