ಬೋಳು ಹಣೆಯ ಕೋರ್ಸೇರ್

ನಿಂಬೆಹಣ್ಣಿನ ವಾಸನೆ, ಬಸ್ಸಿನ ಡೀಸೆಲ್ಲನ್ನೂ ಮುಂದಿನ ಸೀಟಿನವಳ ಮಲ್ಲಿಗೆಯನ್ನೂ ದಾಟಿಕೊಂಡು ಡಬ್ಬದೊಳಗಿಂದಲೇ ಬರುತ್ತಿದೆ, ಮಧುಶ್ರೀ ತೊಡೆಯ ಮೇಲಿನ ಡಬ್ಬವನ್ನು ಇನ್ನಷ್ಟು ಅವಚಿಕೊಂಡಳು, ಒಳಗಿರುವುದು ಅವಳ ಕೋರ್ಸೇರ್, ಅಂಗೈಗಿಂತ ತುಸು ದೊಡ್ಡ ಎರಕದ ವಿಮಾನ, ಮಹಾಯುದ್ಧದಲ್ಲಿ ಹಡಗಿನ ಬೆನ್ನಿನಿಂದ ಹಾರುತ್ತಿದ್ದುದರ ಪುಟ್ಟ ತದ್ರೂಪ, ಕಡುನೀಲಿ ಮೈ, ಎಡರೆಕ್ಕೆಯ ಮೇಲೆ ಬಿಳಿಯ ನಕ್ಷತ್ರ, ಆ ನಕ್ಷತ್ರದ ನಟ್ಟನಡುವೆ ಇವತ್ತು ಬೆಳಗಿನಿಂದ ಒಂದು ಕುಂಕುಮದ ಬೊಟ್ಟು — ಅಜ್ಜಿ ಇಟ್ಟದ್ದು. ಇವಳು ತಲೆ ಬಾಚಿಕೊಂಡು ಬರುವಷ್ಟರಲ್ಲಿ ನರಸಮ್ಮಜ್ಜಿ ವಿಮಾನವನ್ನು ಮಣೆಯ ಮೇಲೆ ಕೂರಿಸಿ, ಎರಡು ಚಕ್ರಗಳ ಕೆಳಗೆ ಎರಡು ನಿಂಬೆ ಹೋಳಿಟ್ಟು, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಏನಜ್ಜೀ ಇದು, ಒಂದು ಗೀರೂ ಇರಬಾರದು ಅಂದಿದ್ದಾರೆ ತಗೊಳ್ಳೋರು! ಗೀರು ಎಲ್ಲೇ ಐತೆ, ಬೊಟ್ಟು ಕಣೇ ಅದು, ಬ್ಯಾರೆ ಮನೆಗೆ ಹೋಗ್ತಾ ಐತೆ, ಮಾರಿದ್ ಹಸೂಗೂ ಬೊಟ್ಟಿಟ್ಟೇ ಕಳ್ಸೋದು ನಾವು, ಬೋಳು ಹಣೇಲಿ ಕಳ್ಸಾಕಾಯ್ತದಾ? ಮಧುಶ್ರೀ ಸೋಪಿನ ನೀರಿಗೆ ಹತ್ತಿ ಅದ್ದಿ ಒರೆಸಿದಳು, ಎಣ್ಣೆ ಬಂತು, ಕೆಂಪು ಬರಲಿಲ್ಲ, ಹೊಳಪಿಲ್ಲದ ಆ ಬಿಳಿ ಬಣ್ಣ ಕೆಂಪನ್ನು ಹೀರಿಕೊಂಡು ಕೂತುಬಿಟ್ಟಿದೆ, ಕಣ್ಣು ಕಾಣದ ಬೆರಳು ಅಷ್ಟು ದೊಡ್ಡ ರೆಕ್ಕೆಯಲ್ಲಿ ನಕ್ಷತ್ರದ ನಡುವನ್ನೇ ಹೇಗೆ ಹುಡುಕಿತೋ.

ಇರಲಿ, ಭಯವೇನಿಲ್ಲ, ಬಸ್ಸು ಬಡವನಹಳ್ಳಿ ದಾಟಿತು, ಉಪಾಯ ಅವಳಿಗೆ ಆಗಲೇ ಹೊಳೆದಿದೆ — ಕೋರ್ಸೇರಿನ ರೆಕ್ಕೆ ಮಡಚುತ್ತದೆ, ಎರಡೂ ಮೇಲಕ್ಕೆ, ಕೈ ಮುಗಿದ ಹಾಗೆ, ಮಡಚಿದರೆ ನಕ್ಷತ್ರ ಒಳಗಡೆಗೆ, ನಕ್ಷತ್ರದೊಳಗಿನ ಬೊಟ್ಟು ಇನ್ನೂ ಒಳಗೆ, ಮಡಚಿಯೇ ಇಟ್ಟಿದ್ದಾಳೆ, ಸಿರಾದ ರೇಣುಕಪ್ರಸಾದರು ಹೊಟ್ಟೆ ನೋಡುತ್ತಾರೆ, ಚಕ್ರ ನೋಡುತ್ತಾರೆ, ಡಬ್ಬದ ಮೂಲೆ ನೋಡುತ್ತಾರೆ, ವಿಮಾನ ಕೂಡಿಡುವವರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಅಂತ ಅವಳಿಗೆ ಗೊತ್ತು, ಅವಳದ್ದೂ ಅದೇ ಕಣ್ಣಲ್ಲವೇ. ಅವರ ಬಳಿ ಸೀ ಹಾಕ್ ಇದೆ, ಕಡಲ ಗಿಡುಗ, ನಮ್ಮದೇ ನೌಕಾಪಡೆಯ ಹಡಗಿನ ವಿಮಾನ, ನಿಮ್ಮ ಕೋರ್ಸೇರ್ ಕೊಡಿ ನನ್ನದು ಒಯ್ಯಿರಿ ಅಂದಿದ್ದಾರೆ, ಇವಳು ಬರದಿದ್ದರೆ ಸಂಜೆಗೆ ಹಿಂದೂಪುರದವನೊಬ್ಬ ಬರುತ್ತಾನಂತೆ. ಬೇರೆ ಯಾವುದಾದರೂ ಆಗಿದ್ದರೆ ಬಿಡುತ್ತಿದ್ದಳು. ಸೀ ಹಾಕ್ ಅಜ್ಜಿಗೆ. ಅಜ್ಜಿಯ ತಮ್ಮ ಚಿಕ್ಕನರಸಯ್ಯ ಎಪ್ಪತ್ತೊಂದರ ಯುದ್ಧದ ವರ್ಷ ಆ ಹಡಗಿನ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವನು, ಅವನು ರಜೆಗೆ ಬಂದು ಹೇಳಿದ್ದನ್ನು ಅಜ್ಜಿ ಕತೆ ಮಾಡಿದಳು, ಮದ್ಗಿರಿ ಬೆಟ್ಟದಂಗೇ ಒಂದು ಬೋಳುಬಂಡೆ ಕಣೇ, ಅಂಗೇ ನೀರ್ ಮ್ಯಾಲೆ ತೇಲ್ತಿತ್ತು, ಅದರ ತುಂಬ ಕಬ್ಬಿಣದ ಗಿಡುಗ, ಹಾರಿ ಬಂದದ್ದನ್ನ ಹಗ್ಗ ಹಾಕಿ ನಿಲ್ಲಿಸೋರು, ತಪ್ಪಿಸ್ಕೊಂಡ ಕರ ಹಿಡಿಯೋ ಹಂಗೆ, ಆಮ್ಯಾಕೆ ರೆಕ್ಕೆ ಮಡಚ್ಕೊಳ್ಳವು. ಯಾಕಜ್ಜಿ ಮಡಚ್ಕೊಳ್ಳೋದು? ಇನ್ನೊಂದು ಬಂದ್ರೆ ಜಾಗ ಬ್ಯಾಡ್ವೇನೇ? ಆ ಕತೆಯಿಂದಲೇ ಇವಳಿಗೆ ವಿಮಾನದ ಹುಚ್ಚು, ಸಹಕಾರ ಸಂಘದ ಕಂಪ್ಯೂಟರ್ ಮುಂದೆ ಕೂತಾಗಲೂ ಕಣ್ಣೊಳಗೆ ತೇಲುವ ಬೆಟ್ಟ, ಚಿಕ್ಕನರಸಯ್ಯ ಒಂದು ಸಲ ತೋರಿಸ್ತೀನಿ ಕಣಕ್ಕ ಅಂದವನು ತೋರಿಸದೆಯೇ ತೀರಿಹೋದ, ಆಮೇಲೆ ಸಕ್ಕರೆ ಕಾಯಿಲೆ ಅಜ್ಜಿಯ ಕಣ್ಣನ್ನೂ ತಿಂದಿತು, ಈಗ ಉಳಿದಿರುವುದು ಬೆರಳು, ಇವತ್ತು ಸಂಜೆ ಆ ಬೆರಳಿಗೆ ಗಿಡುಗ ಸಿಗುತ್ತದೆ, ಸಿಕ್ಕೇ ಸಿಗುತ್ತದೆ.

ರೇಣುಕಪ್ರಸಾದರದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ, ತಾಮ್ರದ ತಂತಿಯ ಸುರುಳಿ, ವಾರ್ನಿಷ್ ಘಾಟು, ಅದರ ಮೇಲೆ ಗಾಜಿನ ಕಪಾಟಿನಲ್ಲಿ ಸಾಲಾಗಿ ವಿಮಾನ, ಏನ್ ಸಾರ್, ಕೆಳಗೆ ಪಾತಾಳ, ಮೇಲೆ ಆಕಾಶ? ಎರಡೂ ನಂದೇ ಕಣಮ್ಮ, ಮಧ್ಯ ಇರೋದು ಮಾತ್ರ ಹೆಂಡತೀದು, ತೆಗಿ ತೆಗಿ ನೋಡಾಣ. ಅವಳ ಲೆಕ್ಕ ಚೂರೂ ತಪ್ಪಲಿಲ್ಲ, ಹೊಟ್ಟೆ ನೋಡಿದರು, ಚಕ್ರ ನೋಡಿದರು, ನಿಂಬೆಹಣ್ಣಿನ ವಾಸನೆ ಅಲ್ವಾ ಅಂದರು, ಹೂಂ ಸಾರ್ ಅಂದಳು, ಡಬ್ಬದ ಮೂಲೆ ನೋಡಿದರು, ಫಸ್ಟ್‌ಕ್ಲಾಸ್ ಇಟ್ಕಂಡಿದೀಯ, ತಗೋ ನಿಂದು, ಅಂತ ಕಪಾಟಿನಿಂದ ಸೀ ಹಾಕ್ ಇಳಿಸಿ ಅವಳ ಮುಂದಿಟ್ಟೇಬಿಟ್ಟರು, ಬೂದಿ ಬಣ್ಣದ್ದು, ಇಷ್ಟೇ ಇಷ್ಟು, ಇನ್ನು ಎತ್ತಿಕೊಂಡು ನಡೆದರೆ ಆಯಿತು, ಎರಡು ಗಂಟೆಯ ಬಸ್ಸಿದೆ, ಅಜ್ಜಿ ಜಗಲಿಯಲ್ಲೇ ಕೂತಿರುತ್ತಾಳೆ, ಕಾಲಿನ ಸಪ್ಪಳಕ್ಕೇ ಕೇಳುತ್ತಾಳೆ, ತಂದದ್ದೇನು ಅಂತಲ್ಲ, ಮೊದಲು ಅದನ್ನೇ ಕೇಳುತ್ತಾಳೆ, ಬೊಟ್ಟು ನೋಡಿ ಏನಂದ್ರೇ ಅವ್ರು? — ನೋಡಲಿಲ್ಲ ಅಜ್ಜಿ, ನೋಡದ ಹಾಗೆ ಮಡಚಿಟ್ಟಿದ್ದೆ, ಬೋಳು ಹಣೆಯಲ್ಲೇ ಕೊಟ್ಟು ಬಂದೆ. ಅಥವಾ ಸುಳ್ಳು, ತುಂಬ ಚೆನ್ನಾಗಿದೆ ಅಂದ್ರಜ್ಜಿ ಅನ್ನುವ ಸುಳ್ಳು, ಹುಟ್ಟಿದಾಗಿನಿಂದ ಕತೆ ಹೇಳಿದವಳಿಗೆ ವಾಪಸು ಕೊಡುವ ಮೊದಲ ಕತೆ. ಅವಳ ಉಗುರು ಕೋರ್ಸೇರಿನ ರೆಕ್ಕೆಯ ಸಂದಿಗೆ ಹೋಯಿತು, ಟಿಕ್, ಎಡರೆಕ್ಕೆ ಬಿಚ್ಚಿಕೊಂಡಿತು, ನಕ್ಷತ್ರ, ಬೊಟ್ಟು.

ಇದೇನಮ್ಮ ಕೆಂಪಗೆ? ಅಜ್ಜಿ ಇಟ್ಟಿದ್ದು ಸಾರ್, ನಿಮ್ಮನೆಗೆ ಬರ್ತಾ ಇದೆಯಲ್ಲ, ಬೋಳು ಹಣೆಯಲ್ಲಿ ಕಳಿಸಬಾರದು ಅಂತ. ಅವರು ನಕ್ಕರು, ಜೋರಾಗಿಯೇ ನಕ್ಕರು, ನಮ್ಮವ್ವನೂ ಮೋಟ್ರು ಬಾವಿಗೆ ಬಿಡಾಕ್ ಮುಂಚೆ ಇಂಗೇಯ, ಆಮೇಲೆ ನಗು ನಿಂತಿತು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಬ್ಯಾಡ ಕಣಮ್ಮ, ತಪ್ಪು ತಿಳ್ಕಬ್ಯಾಡ, ದಿನಾ ನೋಡೋನು ನಾನು, ಕಣ್ಣು ಅಲ್ಲೇ ಹೋಯ್ತದೆ. ಹೋಗುತ್ತದೆ, ಹೌದು, ಅವಳದ್ದೂ ಅಲ್ಲೇ ಹೋಗುತ್ತದೆ, ಕೋರ್ಸೇರನ್ನು ಡಬ್ಬಕ್ಕೆ ಇಟ್ಟಳು, ಸೀ ಹಾಕ್ ಒಂದು ಸಲ ಮುಟ್ಟಿ ನೋಡಲಾ ಸಾರ್? ಮುಟ್ಟು, ಬೀಳಿಸ್ಬ್ಯಾಡ. ಮಧುಶ್ರೀ ಕಣ್ಣು ಮುಚ್ಚಿದಳು, ಅಜ್ಜಿ ಮುಟ್ಟುವ ಹಾಗೆ ಮುಟ್ಟಬೇಕು, ಮೊದಲು ಮೂಗು, ಕೋರ್ಸೇರಿನ ಹಾಗೆ ತಿರುಗಣಿ ಇಲ್ಲ ಅಜ್ಜಿ, ನುಣ್ಣಗೆ ಕೊಕ್ಕಿನ ಹಾಗಿದೆ, ರೆಕ್ಕೆಯ ಬುಡದಲ್ಲಿ ಎರಡು ಬಾಯಿ, ಗಾಳಿ ಕುಡಿಯೋಕೆ, ರೆಕ್ಕೆ ನೆಟ್ಟಗೆ, ಇಲ್ಲಿ ಒಂದು ಸಂದಿ, ಇಲ್ಲೇ ಮಡಚುವುದು, ಇನ್ನೊಂದಕ್ಕೆ ಜಾಗ ಬೇಕಲ್ಲ, ಬಾಲದ ಕೆಳಗೆ ಇಗೋ, ಕೊಕ್ಕೆ, ಚಿಕ್ಕನರಸಯ್ಯಜ್ಜ ಹೇಳಿದ್ದ ಹಗ್ಗ ಸಿಕ್ಕಿಕೊಳ್ಳೋದು ಇದಕ್ಕೇ, ಎಲ್ಲ ಬೆರಳಲ್ಲೇ ಒಯ್ಯುತ್ತೇನೆ, ಸಂಜೆ ಜಗಲಿಯಲ್ಲಿ ನಿನ್ನ ಅಂಗೈ ಮೇಲೆ ಬರೆಯುತ್ತೇನೆ, ಈ ಸಲ ಕತೆ ನನ್ನದು, ಹೂಂಗುಟ್ಟುವುದು ನಿನ್ನದು, ಬೊಟ್ಟು ನೋಡಿ ಏನಂದ್ರು ಅಂತ ಕೇಳು, ಕೇಳು ಅಜ್ಜಿ, ಸುಳ್ಳಿಲ್ಲದೆ ಹೇಳುತ್ತೇನೆ — ಮುಚ್ಚಿದ ರೆಪ್ಪೆಯೊಳಗೆ ಹಡಗಿಲ್ಲ, ಬೆಟ್ಟವಿಲ್ಲ, ಗಿಡುಗವೂ ಇಲ್ಲ, ಬಿಳಿ ನಕ್ಷತ್ರ, ಅದರ ನಟ್ಟನಡುವೆ, ಒರೆಸಿದರೂ ಹೋಗದ, ಬೊಟ್ಟು, ಕೆಂಪು, ಬೊಟ್ಟು.