ರೋಸಾಳ ನಾಲ್ಕನೇ ನಂಬರು

ಏಲಕ್ಕಿ ಬನ್ನಿನ ವಾಸನೆ, ಯಾರೋ ಫೀಕಾ ಅನ್ನುವ ಕಾಫಿ ಬಿಡುವಿನ ಕೋಣೆಯ ಬಾಗಿಲು ತೆರೆದಿಟ್ಟಿದ್ದಾರೆ, ಹತ್ತಾಗಲು ಇನ್ನೂ ಕಾಲು ಗಂಟೆ ಇದೆ, ಆಗಲೇ ಕಾಫಿಗೆ ಓಡುವ ಜನ — ಅನುರಾಧಾ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆ ಕಾಲಲ್ಲೇ ಲ್ಯಾಬಿನ ಬಾಗಿಲು ತಳ್ಳಿ ಮುಚ್ಚಿದಳು, ಈ ಹಸುವಿನ ಭ್ರೂಣಗಳಿಗೆ ಮೂಗಿಲ್ಲ, ಆದರೂ ವಾಸನೆ ಆಗದು, ಸೆಂಟು ಬೇಡ, ತಲೆಗೆ ಎಣ್ಣೆ ಬೇಡ ಅಂತ ಗೋಡೆಗೆ ಚೀಟಿ ಅಂಟಿಸಿದವಳು ಅವಳೇ, ಅಂಟಿಸಿದವಳೇ ಹೋದ ಶುಕ್ರವಾರ ಎಣ್ಣೆನೀರು ಹಾಕಿಕೊಂಡು, ಒದ್ದೆ ಕೂದಲು ಹರಡಿಕೊಂಡು ಸಾಂಬ್ರಾಣಿ ಹೊಗೆ ಹಿಡಿದು, ಮೇಲೊಂದು ಟೋಪಿ ಎಳೆದುಕೊಂಡು ಟ್ರಾಮ್ ಹತ್ತಿ ಬಂದು ಇನ್‌ಕ್ಯುಬೇಟರಿನೊಳಗೆ ತಲೆ ತೂರಿಸಿದ್ದಳು, ದೇವರೇ, ನಲವತ್ತೊಂದು ವರ್ಷ ರೂಢಿಯಾದ ಕೈ, ಶುಕ್ರವಾರ ಬಂದರೆ ತಾನಾಗಿಯೇ ಕೆಂಡ ಹುಡುಕುತ್ತದೆ. ಏಳು ಇದ್ದವು, ಅದರಲ್ಲಿ ಆರು ಆ ಶುಕ್ರವಾರದಿಂದಲೇ ಎಂಟು ಕೋಶಕ್ಕೇ ನಿಂತುಬಿಟ್ಟಿವೆ, ಉಳಿದದ್ದು ಈ ನಾಲ್ಕನೇ ನಂಬರು ಒಂದೇ, ಸುತ್ತ ಗಾಜಿನ ಬಳೆಯಂಥ ಪೊರೆ, ಒಳಗೆ ಬಿಗಿಯಾಗಿ ಕೂತ ಮುದ್ದೆ, ಎಂಟನೇ ದಿನಕ್ಕೆ ಹಿಗ್ಗಿ ಬಳೆ ಬಿರಿಯಬೇಕಿತ್ತು, ಬಿರಿದಿಲ್ಲ, ಬಿರಿ ಮಾರಾಯ್ತಿ. ಸ್ತೂರೆ ತಾತ ನಿನ್ನೆಯೂ ಫೋನ್ ಮಾಡಿದ್ದ, ಕಾಲು ಮುರಿದು ಸತ್ತ ರೋಸಾ ಅವನ ಕೊಟ್ಟಿಗೆಯ ಹಳೇ ತಳಿಯ ಕೊನೆಯ ಹಸು, ಅವಳ ಅಂಡಾಶಯವನ್ನು ಫ್ಲಾಸ್ಕಿನಲ್ಲಿಟ್ಟು ಮಗುವಿನ ಹಾಗೆ ಎದೆಗವಚಿ ತಂದುಕೊಟ್ಟವನು, ಈ ಏಳೂ ಅದರವೇ, ಕರು ಆಯಿತೇ ಅಂತ ಕೇಳುತ್ತಾನೆ, ತಾತಾ, ಗಬ್ಬವೇ ಆಗಿಲ್ಲ, ಆದಮೇಲೂ ಒಂಬತ್ತು ತಿಂಗಳು ಕಾಯಬೇಕು ಅಂದರೆ, ಕಾಯುತ್ತೇನೆ ಬಿಡು, ನನಗೆ ಎಂಬತ್ತೆರಡೇ ಅಂತಾನೆ.

ಮಲ್ಲೇಶ್ವರದಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದವಳಿಗೂ ಹಸುವಿನ ಬಸಿರಿಗೂ ಎತ್ತಣಿಂದೆತ್ತ, ಗಂಡನ ಕೆಲಸದ ಬೆನ್ನು ಹಿಡಿದು ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದದ್ದು, ಲ್ಯಾಬಿನ ಯಜಮಾನಿ ಗುನಿಲ್ಲಾ ಸರ್ಟಿಫಿಕೇಟು ಕೇಳದೆ ಕೂದಲಿನಷ್ಟು ತೆಳುವಾದ ಗಾಜಿನ ನಳಿಗೆ ಕೈಗೆ ಕೊಟ್ಟು ಇದನ್ನೆತ್ತಿ ಅಲ್ಲಿಡು ಅಂದಿದ್ದಳು, ಕೈ ನಡುಗಲಿಲ್ಲ, ಕೆಲಸ ಸಿಕ್ಕಿತು, ಮನೆಯಲ್ಲಿ ಯೋಗೀಶ, ನಂಗಿಂತ ಆ ಎಂಟು ಸೆಲ್‌ಗೇ ನಿನ್ ಉಪಚಾರ ಜಾಸ್ತಿ ಆಯ್ತು ಕಣೇ, ಅನ್ನಲಿ. ಎಂಟು ಕೋಶದ ಕಥೆ ಹೇಳಿಕೊಟ್ಟವಳು ದೀಪ್ತಿ, ಬೆಂಗಳೂರಿಂದ ಪಿಎಚ್‌ಡಿಗೆ ಬಂದ ಹುಡುಗಿ, ನೋಡಿ ಅಕ್ಕಾ, ಎಂಟು ಸೆಲ್ ತನಕ ಅಮ್ಮ ಕಟ್ಟಿಕೊಟ್ಟ ಬುತ್ತೀಲೇ ಬದುಕತ್ತೆ, ಆಮೇಲೆ ಅದರದ್ದೇ ಜೀನ್ಸ್ ಆನ್ ಆಗ್ಬೇಕು, ಆಗ್ಲಿಲ್ಲಾಂದ್ರೆ ಅಲ್ಲಿಗೇ ಸ್ಟಾಪ್ — ಇದಕ್ಕೆ ಪಿಎಚ್‌ಡಿ ಯಾಕೆ, ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿ ಖಾಲಿಯಾಗುವ ತನಕ ಅನುರಾಧಾ ಈ ಊರಲ್ಲಿ ಬಾಯಿ ಬಿಟ್ಟವಳಲ್ಲ, ಖಾಲಿಯಾದ ದಿನ ಅಂಗಡಿಗೆ ಹೋಗಿ ಮೊದಲ ಸಲ ಸ್ವೀಡಿಷ್‌ನಲ್ಲಿ ಉದ್ದಿನಬೇಳೆ ಕೇಳಿದ್ದಳು, ಹೊಟ್ಟೆ ಹಸಿದರೆ ಜೀನೂ ಮಾತಾಡೀತು. ಸಂಶಯದ ಭ್ರೂಣವನ್ನು ದೀಪ್ತಿ ಟ್ಯೂಬಿಗೆ ಹಾಕಿ ಅರೆದು ಅದರ ಜೀನ್ ಓದುತ್ತಾಳೆ, ಓದಿದರೆ ಸ್ಟ್ರೆಸ್ ಆಗಿತ್ತಾ ಎಲ್ಲಾ ಹೇಳುತ್ತಂತೆ, ಅಂದರೆ ಸಾಂಬ್ರಾಣಿಯನ್ನೂ ಹೇಳೀತೇ — ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕನೇ ನಂಬರು ಸದ್ದಿಲ್ಲದೆ ಬಾಡಿಗೆ ತಾಯಿ ಹಸುವಿನ ಹೊಟ್ಟೆ ಸೇರಬಹುದು, ಹೇಳಿದರೆ ಟ್ಯೂಬಿಗೆ, ತಾತನ ಕರು ಅರೆದು ಹೋದ ಹಾಗೆ, ಆದರೆ ಹೇಳದೆ ಹೋದರೆ ದೀಪ್ತಿ ಆರು ತಿಂಗಳು ಸುಳ್ಳು ಲೆಕ್ಕದ ಮೇಲೆ ಬರೆಯುತ್ತಾಳೆ, ಪಾಪದ ಹುಡುಗಿ.

ಹತ್ತು ಹೊಡೆಯಿತು, ಫೀಕಾ ಅಂದರೆ ಫೀಕಾ, ಮನೆಗೆ ಬೆಂಕಿ ಬಿದ್ದರೂ ಈ ಜನ ಮೊದಲು ಕಾಫಿ ಮುಗಿಸಿಯಾರು, ಅನುರಾಧಾ ಬನ್ನು ಮುಟ್ಟದೆ ನಿಂತಲ್ಲೇ ಹೇಳಿಬಿಟ್ಟಳು, ಶುಕ್ರವಾರ, ಕೂದಲು, ಹೊಗೆ, ತಪ್ಪು ನನ್ನದು. ದೀಪ್ತಿ ಕಪ್ಪು ಕೆಳಗಿಟ್ಟಳು, ಅಯ್ಯೋ ಅಕ್ಕಾ, ಸಾಂಬ್ರಾಣೀನಾ, ನಾನು ಇನ್‌ಕ್ಯುಬೇಟರ್ ಗ್ಯಾಸ್ ಸಿಲಿಂಡರ್‌ಗೆ ಬೈಕೊಂಡು ಎರಡು ಸಲ ಚೇಂಜ್ ಮಾಡಿಸ್ದೆ. ಗುನಿಲ್ಲಾ ಮಾತ್ರ ನಿಧಾನವಾಗಿ ಬನ್ನು ಜಗಿದು ನುಂಗಿ, ಆ ಹೊಗೆಗೆ ತಲೆಹೊಟ್ಟು ಹೋಗುತ್ತದೆಯೇ ಅಂದಳು, ಹೋಗುತ್ತೆ ಅಂದಳು ಅನುರಾಧಾ, ಹಾಗಾದರೆ ನನಗೂ ಸ್ವಲ್ಪ ಕೊಡು, ಮನೆಗೆ, ಇಲ್ಲಿಗಲ್ಲ, ಪುಸ್ತಕದಲ್ಲಿ ಬರೆದಿಡು, ನಿಂತುಹೋದ ಆರನ್ನು ದೀಪ್ತಿ ಓದಲಿ, ಅವಳಿಗೆ ಹೊಸ ಪ್ರಶ್ನೆಯೇ ಸಿಕ್ಕಿತು, ನಾಲ್ಕನೆಯದಕ್ಕೆ ಹನ್ನೊಂದರ ತನಕ ಗಡುವು, ಪೊರೆ ಬಿರಿದರೆ ಹಸುವಿಗೆ, ಇಲ್ಲವಾದರೆ ಟ್ಯೂಬಿಗೆ.

ಹತ್ತು ಐವತ್ತು, ಬಳೆ ಹಾಗೇ ಇದೆ, ಕಣ್ಣು ಉರಿಯುತ್ತದೆ, ಹಿಂದೆ ದೀಪ್ತಿ ನಾಲ್ಕು ಅಂತ ಬರೆದ ಟ್ಯೂಬು ಹಿಡಿದು ನಿಂತಿದ್ದಾಳೆ, ಟೈಮ್ ಆಯ್ತಕ್ಕಾ, ಇರಮ್ಮಾ, ಬಸುರಿ ಮನೇಲಿ ಗಡಿಯಾರ ನೋಡ್ಬಾರ್ದು, ನಾಲ್ಕನೆಯವಳೇ, ಬುತ್ತಿ ಮುಗಿದು ಐದು ದಿನವಾಯಿತಲ್ಲೇ ನಿನಗೆ, ಹೊಗೆಯನ್ನೂ ನುಂಗಿ ಇಲ್ಲಿ ತನಕ ಬಂದೆ, ಬಾಯಿ ಬಿಡು, ಉದ್ದಿನಬೇಳೆ ಕೇಳು, ಏನಾದರೂ ಕೇಳು — ಬಳೆಯ ಅಂಚು ತೆಳ್ಳಗಾಯಿತೇ, ಕಣ್ಣೀರೇ ಅದು, ಒರೆಸಿಕೊಂಡು ಮತ್ತೆ ಬಗ್ಗಿದಳು, ಅಕ್ಕಾ ಏನಾಯ್ತು, ಅಕ್ಕಾ, ಮನೆಯಲ್ಲಿ ಬಳೆ ಒಡೆದರೆ ಎದೆ ಧಸಕ್ಕೆನ್ನುವವಳು, ಈಗ ಬಿರುಕು ಕಂಡು ನಗುತ್ತಿದ್ದಾಳೆ, ಟ್ಯೂಬು ಒಳಗಿಡು ಮಗಳೇ ಅನ್ನಬೇಕು, ತಾತನಿಗೆ ಫೋನು ಮಾಡಬೇಕು, ಮಾಡಬೇಕು, ಆದರೆ ಬಳೆ ಬಿರಿದಿದೆ, ಬಿರುಕಿನಿಂದ ಮುದ್ದೆ ಅರ್ಧ ಹೊರಗೆ, ಬಾಗಿಲು ಸಂದಿಯಲ್ಲಿ ಮೊದಲು ತೂರಿಸಿದ ಹೆಗಲ ಹಾಗೆ, ಹೆಗಲೆಲ್ಲಿ ಬಂತು ಅದಕ್ಕೆ ಇನ್ನೂ, ಆದರೂ, ಬಿರಿದ ಬಳೆ, ಒಂದು ಪುಟ್ಟ ಹೆಗಲು, ಬಿರಿದ ಬಳೆ —