ಮೊಸರು ಹಾಕದ ಕೈ

ಭಾಗೀರಥಿಬಾಯಿಯ ಬಲಗೈ ಜೋತುಬಿದ್ದು ವರ್ಷವಾಗುತ್ತ ಬಂದಿತ್ತು. ಲಕ್ಷ್ಮೇಶ್ವರದ ವೈದ್ಯರು ಎಣ್ಣೆ ತಿಕ್ಕಿಸಿ ತಿಕ್ಕಿಸಿ ದಣಿದರು. ಗದಗಿನ ದೊಡ್ಡ ಡಾಕ್ಟರು ಸೂಜಿ ಚುಚ್ಚಿ ನೋಡಿ, ನರಗಳೆಲ್ಲ ನೆಟ್ಟಗಿವೆ, ಕೈ ಯಾಕೆ ಏಳುವುದಿಲ್ಲವೋ ತಿಳಿಯದು ಎಂದು ಕೈಚೆಲ್ಲಿದರು. ಮಗ್ಗುಲ ಮನೆಯ ಗದಿಗೆವ್ವ ಮಾತ್ರ, “ದೇವರ ಕಾಟ ಐತ್ರಿ ಇದು” ಎಂದು ತಾಯಿತದ ಮೇಲೆ ತಾಯಿತ ಕಟ್ಟಿದಳು.

ಗಂಡ ಪಾಂಡುರಂಗರಾಯರು ಶಾಲೆಯಲ್ಲಿ ಗಣಿತದ ಮಾಸ್ತರರು. ಲೆಕ್ಕವೆಂದ ಮೇಲೆ ಉತ್ತರ ಇರಲೇಬೇಕೆಂಬ ಹಟದ ಮನುಷ್ಯ. ಹೆಂಡತಿಗೆ ಅನ್ನ ಕಲಸಿಕೊಡುವವರೂ ಅವರೇ, ಹೆರಳು ಹಾಕುವವರೂ ಅವರೇ. ಹೆರಳು ಸೊಟ್ಟಗಾದರೆ ಆಕೆ ಮೊದಮೊದಲು ನಗುತ್ತಿದ್ದಳು. ಈಚೆಗೆ ಅದನ್ನೂ ಬಿಟ್ಟಿದ್ದಳು, ಪಾಪ. ಆ ಕೈ ಒಮ್ಮೆ ಎದ್ದರೆ ಮನೆ ಮತ್ತೆ ಮನೆಯಾದೀತು ಎಂಬುದೊಂದೇ ರಾಯರ ಆಸೆ.

ಆ ಬೇಸಿಗೆಯಲ್ಲಿ ಪುಣೆಯಿಂದ ಸಮ್ಮೋಹನ ಚಿಕಿತ್ಸೆ ಕಲಿತು ಬಂದ ನರಸಿಂಹಾಚಾರ್ಯರೆಂಬ ಡಾಕ್ಟರು ಗದಗಿನಲ್ಲಿ ದವಾಖಾನೆ ತೆರೆದರು. ಕಣ್ಣು ಮುಚ್ಚಿಸಿ ಮಾತಿನಲ್ಲೇ ವಾಸಿ ಮಾಡುತ್ತಾರಂತೆ! ಊರವರು ಕಣ್ಕಟ್ಟು ಎಂದು ನಕ್ಕರು. ನಗುವವರಿಗೇನು, ಹೆರಳು ಹಾಕುವ ಕೆಲಸ ಅವರದಲ್ಲವಲ್ಲ. ರಾಯರು ಹೆಂಡತಿಯನ್ನು ಬಸ್ಸು ಹತ್ತಿಸಿಯೇಬಿಟ್ಟರು.

ಡಾಕ್ಟರು ಮೊದಲು ರಾಯರೊಬ್ಬರನ್ನೇ ಪಡಸಾಲೆಗೆ ಕರೆದು ಕೇಳಿದರು.

“ಕೈಗೇನೂ ಆಗಿಲ್ಲ, ಮಾಸ್ತರ. ಮನಸು ಹೇಳಿದ್ದು ಕೈಗೆ ಮುಟ್ಟವಲ್ಲದು. ಇದು ಆಗೂಕಿಂತ ಮೊದಲ ಮನ್ಯಾಗ ಏನಾಗಿತ್ತು?”

ರಾಯರು ಹೇಳಲೇಬೇಕಾಯಿತು. ಮಾರ್ತಾಂಡ ಅವರಿಗೆ ಒಬ್ಬನೇ ಮಗ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಗಡಿಯಾಚೆ ನಿಜಾಮನ ಆಳ್ವಿಕೆ ಇನ್ನೂ ಹೋಗಿರಲಿಲ್ಲ. ಹೋರಾಡುವ ಹುಡುಗರ ಶಿಬಿರ ಮುಂಡರಗಿಯಲ್ಲಿತ್ತು, ಇವನೂ ಹೊರಟುನಿಂತ. ದೂರ ಹೊರಟವರ ಅಂಗೈಗೆ ತಾಯಿ ಮೊಸರು ಹಾಕಬೇಕು, ಅದನ್ನು ನೆಕ್ಕಿ ಹೊಸ್ತಿಲು ದಾಟಬೇಕು. ಅವರ ಮನೆಯ ಪದ್ಧತಿ ಅದು. ಮಾರ್ತಾಂಡ ಬಾಗಿಲಲ್ಲಿ ಅಂಗೈ ಚಾಚಿದ. ಭಾಗೀರಥಿಬಾಯಿ ಸಿಟ್ಟಿನಿಂದ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ನಾ ಹಾಕಂಗಿಲ್ಲ. ಹೆಂಗ ಹೋಗ್ತಿ ನೋಡ್ತೀನಿ.”

“ಬಂದಮ್ಯಾಲೆ ಹಾಕೀಯಂತ ತಗೋ, ಅವ್ವಾ,” ಎಂದು ನಕ್ಕು ಹೋದವನು ಬರಲಿಲ್ಲ. ಗುಂಡು ತಾಗಿತೆಂದು ಜೊತೆಯವರು ಬಂದು ಹೇಳಿದರು. ಹೆಣವನ್ನು ತರಲಾಗಿರಲಿಲ್ಲ. ಅವತ್ತೇ ಆಕೆಯ ಕೈ ಜೋತುಬಿತ್ತು. ಎಳ್ಳುನೀರು ಬಿಟ್ಟು ಮಗನ ಕರ್ಮಾಂತರ ಮಾಡಲಿಕ್ಕೂ ಆಕೆ ಒಪ್ಪಲಿಲ್ಲ.

ಕೇಳಿದ ಡಾಕ್ಟರು ಆ ಮೊಸರನ್ನೇ ಹಾಕಿಸೋಣ ಎಂದರು. ರಾಯರಿಗೆ ಉತ್ತರ ಸಿಕ್ಕೇಬಿಟ್ಟಿತು! ಎದುರಿನ ಖಾನಾವಳಿಗೆ ತಾವೇ ಓಡಿ ಬಟ್ಟಲು ತುಂಬ ಮೊಸರು ತಂದರು.

ಭಾಗೀರಥಿಬಾಯಿ ಕಣ್ಣು ಮುಚ್ಚಿ ಕುಳಿತಿದ್ದಳು. ಡಾಕ್ಟರ ದನಿ ಜೋಗುಳದಂತೆ ಇಳಿಯುತ್ತ ಹೋಯಿತು.

“ಉಸಿರು ಸಾವಕಾಶ ಬಿಡ್ರಿ, ಅವ್ವಾರ... ಮನಿ ಬಾಗಲ್ದಾಗ ಮಾರ್ತಾಂಡ ನಿಂತಾನ, ನೋಡ್ರಿ. ಅಂಗೈ ಚಾಚ್ಯಾನ. ನಿಮ್ಮ ಕೈ ಹಗುರಾಗೇದ.”

ರಾಯರು ತಮಗರಿವಿಲ್ಲದೆ ತಮ್ಮ ಅಂಗೈಯನ್ನೇ ಮುಂದೆ ಚಾಚಿದರು. ಹೆಂಡತಿಯ ಬೆರಳು ಅಲುಗಿತು. ಕೈ ಮೆಲ್ಲಗೆ ಎದ್ದು, ಮುಂದಿಟ್ಟಿದ್ದ ಬಟ್ಟಲಿನ ಚಮಚ ಹಿಡಿಯಿತು. ತಣ್ಣನೆಯ ಮೊಸರು ರಾಯರ ಅಂಗೈಗೆ ಬಿತ್ತು.

“ಹುಷಾರಾಗಿ ಹೋಗಿ ಬಾ, ನನ್ನಪ್ಪಾ,” ಎಂದಳು ಭಾಗೀರಥಿಬಾಯಿ.

ರಾಯರು ಸಂತೋಷದಿಂದ ಕೂಗುವುದರಲ್ಲಿದ್ದರು. ಅಷ್ಟರಲ್ಲಿ ಡಾಕ್ಟರು ಆಕೆಯನ್ನು ಎಚ್ಚರಿಸಿದರು. ಆಕೆ ತನ್ನ ಕೈ ನೋಡಿದಳು, ಮೊಸರು ನೋಡಿದಳು, ಗಂಡನ ಮುಖ ನೋಡಿದಳು.

“ಯಾಕ ಹಾಕಿಸಿದ್ರಿ? ನಾ ಹಾಕಿರಲಿಲ್ಲ ಅಂತ ಅವ ಇನ್ನೂ ಹೋಗಿರಲಿಲ್ರೀ. ಈಗ ಹೋದ.”

ರಾಯರ ಎದೆ ಒಡೆಯಿತು. ಇಷ್ಟು ದಿನ ಆಕೆ ಮಗನನ್ನು ಹೊಸ್ತಿಲಲ್ಲೇ ಹಿಡಿದಿಟ್ಟುಕೊಂಡಿದ್ದಳು. ಬಿಡಿಸಿದವರು ತಾವೇ. ಅಂಗೈಯ ಮೊಸರನ್ನು ಏನು ಮಾಡಬೇಕೆಂದು ತೋಚದೆ ನಿಂತೇ ಇದ್ದರು. ಕೊನೆಗೆ ಆಕೆಯೇ ಬಲಗೈಯಿಂದ ಅವರ ಮಣಿಕಟ್ಟು ಹಿಡಿದು ಬಾಯಿಯತ್ತ ಎತ್ತಿದಳು.

“ತಗೋರಿ. ಚೆಲ್ಲಬಾರ್ದು.”

ಮಗ ಹೋದಾಗಿನಿಂದ ಒಮ್ಮೆಯೂ ಅಳದ ರಾಯರು ಮೊಸರು ನೆಕ್ಕುತ್ತ ಗಳಗಳನೆ ಅತ್ತರು.

ಊರಿಗೆ ಮರಳುವ ಬಸ್ಸು ಮುಳಗುಂದ ದಾಟಿತು. ಆಮೇಲೆ ಆಕೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

“ನಾಳೆ ಭಟ್ಟರಿಗೆ ಬರಲಿಕ್ಕೆ ಹೇಳ್ರಿ. ಎಳ್ಳು ನಾನಽ ಹಸನ ಮಾಡ್ತೀನಿ. ಕೈ ಬಂದದಲ್ಲ.”